ಕಾಡುಹಂದಿ, ನರಿ ಮತ್ತು ತೋಳಗಳ ಹಾವಳಿ: ಬೇಟೆ ಕುರಿತ ನಿಯಮಗಳು ಹಾಗೂ ದಯಾತ್ಮಕ ಧನ ಪಡೆಯುವ ವಿಧಾನ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ರೈತರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ದಟ್ಟವಾದ ಕಾಡು ಇಲ್ಲ. ಆದರೂ ಕಾಡುಹಂದಿಯ ಹಾವಳಿ ಕುರಿತ ಅರ್ಜಿಗಳು ಇಲ್ಲಿಂದ ಬರುತ್ತಲೇ ಇರುತ್ತವೆ. ಇದಕ್ಕೆ ಕಾರಣ ಕಬ್ಬು. ವಿಶ್ವೇಶ್ವರಯ್ಯ ನಾಲೆ, ವಿರಿಜಾ ನಾಲೆ ಹಾಗೂ ಚಿಕ್ಕದೇವರಾಯಸಾಗರ ನಾಲೆಗಳ ಅಚ್ಚುಕಟ್ಟಿನಲ್ಲಿ ಮತ್ತು ಕೃಷ್ಣರಾಜಪೇಟೆ ಕಡೆಯ ಹೇಮಾವತಿ ನಾಲೆಗಳ ಬಯಲಿನಲ್ಲಿ ಆಳೆತ್ತರ ಬೆಳೆದ ಕಬ್ಬು ಹಂದಿಗೆ ಹಗಲಿನ ಮರೆಯೂ ಹೌದು, ರಾತ್ರಿಯ ಮೇವೂ ಹೌದು. ಅಕ್ಕಪಕ್ಕದ ತಾಕುಗಳ ಕಬ್ಬು ಒಂದೇ ಹೊತ್ತಿಗೆ ಕಟಾವಾದಾಗ ನೆಲೆ ಕಳೆದುಕೊಂಡ ಹಿಂಡು ಮುಂದಿನ ಭತ್ತದ ಗದ್ದೆಗೆ ಅಥವಾ ಮುಸುಕಿನ ಜೋಳದ ಹೊಲಕ್ಕೆ ನುಗ್ಗುತ್ತದೆ. ನಾಗಮಂಗಲದಂತಹ ಮಳೆಯಾಶ್ರಿತ ಪ್ರದೇಶದಲ್ಲಿ ಕುರುಚಲು ಗುಡ್ಡಗಳಿಂದ ಇಳಿದು ರಾಗಿ, ನೆಲಗಡಲೆ, ಗೆಣಸು ಹಾಗೂ ಎಳೆಯ ತೆಂಗಿನ ಸಸಿಗಳನ್ನು ಹಾಳು ಮಾಡುತ್ತದೆ. ಹಂದಿಯು ತಿನ್ನುವುದಕ್ಕಿಂತ ಮೂತಿಯಿಂದ ನೆಲ ಉತ್ತು ಕೆಡಿಸುವುದೇ ಹೆಚ್ಚು ಎಂಬುದು ರೈತರಿಗೆ ತಿಳಿದ ಸಂಗತಿ.

ಇಂತಹ ಸಂದರ್ಭದಲ್ಲಿ ಕಾನೂನಿನಡಿ ಏನು ಮಾಡಬಹುದು, ಏನು ಮಾಡಬಾರದು, ಯಾವ ಕಚೇರಿಗೆ ಯಾವ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಬೇಟೆ ಪರವಾನಗಿ ಇದೆಯೇ?

ಇಲ್ಲ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972 ಜಾರಿಗೆ ಬಂದಾಗ ಅದರಲ್ಲಿ ಕೆಲವು ಬಗೆಯ ಬೇಟೆಗೆ ಪರವಾನಗಿ ನೀಡುವ ಅವಕಾಶವಿತ್ತು. 1991ರ ತಿದ್ದುಪಡಿಯಲ್ಲಿ ಆ ಅವಕಾಶವನ್ನು ತೆಗೆದುಹಾಕಲಾಯಿತು. ಅಂದಿನಿಂದ ವಿನೋದಕ್ಕಾಗಿ, ಮಾಂಸಕ್ಕಾಗಿ ಅಥವಾ ಹಬ್ಬದ ಹೆಸರಿನಲ್ಲಿ ಬೇಟೆಯಾಡಲು ಯಾವ ಕಚೇರಿಯೂ ಅನುಮತಿ ನೀಡುವಂತಿಲ್ಲ. ಹಿರಿಯರ ಕಾಲದ ಶಿಕಾರಿ ಪರವಾನಗಿಯ ಪ್ರತಿಯನ್ನು ಲಗತ್ತಿಸಿ ನವೀಕರಣ ಕೋರುವುದರಿಂದ ಪ್ರಯೋಜನವಿಲ್ಲ.

"ಬೇಟೆ" ಎಂಬ ಪದಕ್ಕೆ ಅಧಿನಿಯಮದ 2(16)ನೇ ಪ್ರಕರಣದಲ್ಲಿ ವಿಶಾಲವಾದ ಅರ್ಥವಿದೆ. ಕೊಲ್ಲುವುದು ಮಾತ್ರವಲ್ಲದೆ ವಿಷವಿಡುವುದು, ಹಿಡಿಯುವುದು, ಉರುಳು ಅಥವಾ ಬೋನು ಒಡ್ಡುವುದು, ನಾಯಿ ಬಿಟ್ಟು ಅಟ್ಟಿಸುವುದು, ಸೋವಿ ಮಾಡಿ ಓಡಿಸುವುದು, ಆಮಿಷ ತೋರಿ ಕರೆಯುವುದು ಹಾಗೂ ಇವುಗಳಿಗಾಗಿ ಮಾಡುವ ಪ್ರತಿಯೊಂದು ಪ್ರಯತ್ನವೂ ಬೇಟೆಯೇ ಆಗುತ್ತದೆ. ಮರಿಯ ಕೂಗು, ನರಿಯ ಊಳಿನ ಧ್ವನಿಮುದ್ರಣ ಹಾಕಿ ಪ್ರಾಣಿಯನ್ನು ಕೋವಿಯ ಗುರಿಗೆ ಬರಮಾಡಿಕೊಳ್ಳುವುದು ಕೆಲವು ವಿದೇಶಗಳಲ್ಲಿ ಮಾನ್ಯ ಪದ್ಧತಿ. ಅಂತಹ ದೃಶ್ಯಗಳು ಮೊಬೈಲ್‌ನಲ್ಲಿ ಹೇರಳವಾಗಿ ಸಿಗುತ್ತವೆ. ಇಲ್ಲಿ ಅದನ್ನು ಅನುಕರಿಸಿದಲ್ಲಿ ಗುಂಡು ಹಾರದಿದ್ದರೂ ಪ್ರಕರಣ ದಾಖಲಾಗಬಹುದು.

ಯಾವ ಪ್ರಾಣಿ ಯಾವ ಅನುಸೂಚಿಯಲ್ಲಿದೆ?

ಅಧಿನಿಯಮಕ್ಕೆ 2022ರಲ್ಲಿ ತಂದ ತಿದ್ದುಪಡಿಯು ದಿನಾಂಕ 1-4-2023 ರಿಂದ ಜಾರಿಯಲ್ಲಿದೆ. ಅದರಂತೆ ಅನುಸೂಚಿಗಳು ಬದಲಾಗಿದ್ದು, ಹಳೆಯ ಪುಸ್ತಕಗಳಲ್ಲಿ ಮೂರನೇ ಅನುಸೂಚಿಯಲ್ಲಿ ಕಾಣುವ ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ನರಿ, ತೋಳ, ಚಿರತೆ, ಕರಡಿ, ಆನೆ ಮತ್ತು ನವಿಲು ಇವೆಲ್ಲವೂ ಒಂದನೇ ಅನುಸೂಚಿಯಲ್ಲಿವೆ.

ಅರ್ಜಿದಾರರಿಗೆ ಈ ವ್ಯತ್ಯಾಸ ಮುಖ್ಯ. ಒಂದನೇ ಅನುಸೂಚಿಯ ಪ್ರಾಣಿಯನ್ನು ಬೆಳೆ ಹಾನಿಯ ಕಾರಣಕ್ಕಾಗಲಿ, ಕುರಿ ಹಿಡಿಯಿತೆಂಬ ಕಾರಣಕ್ಕಾಗಲಿ ಕೊಲ್ಲಲು ಅನುಮತಿ ನೀಡಲು ಬರುವುದಿಲ್ಲ. ಅದು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದ್ದರೆ ಅಥವಾ ಚೇತರಿಸಿಕೊಳ್ಳಲಾಗದಷ್ಟು ಗಾಯ, ರೋಗಕ್ಕೆ ತುತ್ತಾಗಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕ್ರಮ ಕೈಗೊಳ್ಳಬಹುದು. ಆಗಲೂ ಹಿಡಿಯುವುದು, ಸ್ಥಳಾಂತರಿಸುವುದು ಸಾಧ್ಯವಿಲ್ಲವೆಂದು ಅವರಿಗೆ ಮನವರಿಕೆಯಾಗಬೇಕು. ಎರಡನೇ ಅನುಸೂಚಿಯ ಕಾಡುಹಂದಿಯ ವಿಷಯದಲ್ಲಿ ಮಾತ್ರ "ಆಸ್ತಿಗೆ, ನಿಂತ ಬೆಳೆಯೂ ಸೇರಿದಂತೆ, ಅಪಾಯಕಾರಿ" ಎಂಬ ಆಧಾರ ಲಭ್ಯವಿದೆ.

ಕಾಡುಹಂದಿಯನ್ನು ಸರ್ಕಾರವು ಪೀಡಕ ಪ್ರಾಣಿ ಎಂದು ಘೋಷಿಸಿದೆ, ಆದ್ದರಿಂದ ಯಾರು ಬೇಕಾದರೂ ಹೊಡೆಯಬಹುದು ಎಂಬ ಮಾತು ಹಳ್ಳಿಗಳಲ್ಲಿ ಪ್ರಚಾರದಲ್ಲಿದೆ. ಇದು ತಪ್ಪು ತಿಳಿವಳಿಕೆ. ಅಂತಹ ಘೋಷಣೆ ಮಾಡುವ ಅಧಿಕಾರ 62ನೇ ಪ್ರಕರಣದಡಿ ಕೇಂದ್ರ ಸರ್ಕಾರಕ್ಕಿದೆ. 2015ರಲ್ಲಿ ಬಿಹಾರದ ಹಾಗೂ 2016ರಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಿಗೆ ಸೀಮಿತ ಅವಧಿಗೆ ಹೀಗೆ ಅಧಿಸೂಚನೆ ಹೊರಡಿಸಲಾಗಿತ್ತು. ನೆರೆಯ ಕೇರಳದಲ್ಲಿ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕಾಡುಹಂದಿ ಹೊಡೆಯಲು ಆದೇಶಿಸುವ ಅಧಿಕಾರವನ್ನು ವಹಿಸಲಾಯಿತು. ಇವು ಆಯಾ ರಾಜ್ಯಗಳ ವ್ಯವಸ್ಥೆಗಳು. ಮಂಡ್ಯ ಜಿಲ್ಲೆಯ ಗ್ರಾಮ ಪಂಚಾಯಿತಿ ಅಧ್ಯಕ್ಷರ ಪತ್ರವಾಗಲಿ, ಗ್ರಾಮಸಭೆಯ ನಿರ್ಣಯವಾಗಲಿ ಬೇಟೆಗೆ ಅನುಮತಿಯಾಗುವುದಿಲ್ಲ.

11(1)(ಬಿ) ಪ್ರಕರಣದಡಿ ಅನುಮತಿ ಕೋರುವ ಬಗೆ

ಬೆಳೆಗೆ ಪದೇ ಪದೇ ಹಾನಿ ಮಾಡುತ್ತಿರುವ ಕಾಡುಹಂದಿ ಅಥವಾ ಹಂದಿಗಳ ಹಿಂಡನ್ನು ನಿರ್ದಿಷ್ಟ ಪ್ರದೇಶದಲ್ಲಿ ಬೇಟೆಯಾಡಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣಗಳನ್ನು ದಾಖಲಿಸಿ ಲಿಖಿತ ಆದೇಶ ನೀಡಬಹುದು. ಅರ್ಜಿಯನ್ನು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರ ಮೂಲಕ ಮಂಡ್ಯ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯವರಿಗೆ ಸಲ್ಲಿಸುವುದು.

ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರ್, ಬೆಳೆ, ಹಾನಿಯಾದ ದಿನಾಂಕಗಳು, ಈ ಹಿಂದೆ ಪರಿಹಾರಕ್ಕೆ ಸಲ್ಲಿಸಿದ ಅರ್ಜಿಗಳ ಸಂಖ್ಯೆ ಮತ್ತು ಹಂದಿಯನ್ನು ದೂರವಿಡಲು ರೈತರು ಈಗಾಗಲೇ ಕೈಗೊಂಡ ಕ್ರಮಗಳನ್ನು ನಮೂದಿಸಬೇಕು. "ಹಂದಿ ಕಾಟ ವಿಪರೀತವಾಗಿದೆ, ಕ್ರಮ ಕೈಗೊಳ್ಳಿ" ಎಂಬ ಒಂದೇ ಸಾಲಿನ ಮನವಿಯ ಆಧಾರದ ಮೇಲೆ ಅಧಿಕಾರಿಗೆ ಕಾರಣ ದಾಖಲಿಸಲು ಆಗುವುದಿಲ್ಲ. ಅಕ್ಕಪಕ್ಕದ ಹಿಡುವಳಿದಾರರು ಒಟ್ಟಾಗಿ ಅರ್ಜಿ ಸಲ್ಲಿಸುವುದು ಉತ್ತಮ. ಹಿಂಡು ಒಬ್ಬರ ಗಡಿಯೊಳಗೆ ನಿಲ್ಲುವುದಿಲ್ಲ. ಆದೇಶದಲ್ಲಿ ಹೆಸರಿಸದ ಸರ್ವೆ ನಂಬರಿನಲ್ಲಿ ಗುಂಡು ಹಾರಿಸಿದರೆ ಆದೇಶದ ರಕ್ಷಣೆಯೂ ಇರುವುದಿಲ್ಲ.

ಅನುಮತಿ ನೀಡಲೇಬೇಕೆಂಬ ನಿಯಮವಿಲ್ಲ. ನೀಡಿದಲ್ಲಿ ಅದು ಆದೇಶದಲ್ಲಿರುವ ವ್ಯಕ್ತಿ, ಪ್ರದೇಶ, ಅವಧಿ ಮತ್ತು ಷರತ್ತುಗಳಿಗೆ ಮಾತ್ರ ಅನ್ವಯಿಸುತ್ತದೆ. ಗಸ್ತಿಗೆ ಬಂದ ಸಿಬ್ಬಂದಿಯ ಮೌಖಿಕ ಒಪ್ಪಿಗೆಯನ್ನು ಅನುಮತಿಯೆಂದು ಭಾವಿಸಬಾರದು. ಅನುಮತಿಯಂತೆ ಹೊಡೆದ ಹಂದಿಯೂ 39ನೇ ಪ್ರಕರಣದಂತೆ ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಹಂಚಿಕೊಳ್ಳುವುದು, ಮಾರುವುದು ಅಪರಾಧ.

ಆತ್ಮರಕ್ಷಣೆಯ ವಿಷಯ ಬೇರೆ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ 11(2)ನೇ ಪ್ರಕರಣದಂತೆ ಅದು ಅಪರಾಧವಲ್ಲ. ಆದರೆ ಉರುಳು ಒಡ್ಡಲು ಹೋದವನ ಮೇಲೆ ಹಂದಿ ಎರಗಿದಾಗ ಈ ರಕ್ಷಣೆ ದೊರೆಯುವುದಿಲ್ಲ. ಬೆಳೆಯ ರಕ್ಷಣೆಯು ಆತ್ಮರಕ್ಷಣೆಯಲ್ಲಿ ಸೇರುವುದಿಲ್ಲ.

ಅಭಯಾರಣ್ಯಗಳು ಮತ್ತು ಕೋವಿ ಪರವಾನಗಿ

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪಕ್ಷಿಧಾಮ (1940), ಪಾಂಡವಪುರ ಹಾಗೂ ಕೃಷ್ಣರಾಜಪೇಟೆ ತಾಲ್ಲೂಕುಗಳಲ್ಲಿ ಹರಡಿರುವ ಮೇಲುಕೋಟೆ ವನ್ಯಜೀವಿಧಾಮ (1974) ಮತ್ತು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮ (1981) ಈ ವ್ಯಾಪ್ತಿಯಲ್ಲಿವೆ. ಮೇಲುಕೋಟೆಯ ಸುಮಾರು 50 ಚದರ ಕಿಲೋಮೀಟರ್ ಪ್ರದೇಶವನ್ನು ಮುಖ್ಯವಾಗಿ ತೋಳದ ರಕ್ಷಣೆಗೆಂದೇ ಘೋಷಿಸಲಾಗಿತ್ತು. ಇವುಗಳ ಗಡಿಯೊಳಗೆ ಅನುಮತಿಯಿಲ್ಲದೆ ಆಯುಧದೊಂದಿಗೆ ಪ್ರವೇಶಿಸುವುದೇ ಅಪರಾಧ.

ಹೆಚ್ಚಿನ ಅರ್ಜಿದಾರರಿಗೆ ತಿಳಿಯದ ಅಂಶವೊಂದಿದೆ. ಅಧಿನಿಯಮದ 34ನೇ ಪ್ರಕರಣದಂತೆ ಅಭಯಾರಣ್ಯದ 10 ಕಿಲೋಮೀಟರ್ ಸುತ್ತಳತೆಯಲ್ಲಿ ವಾಸಿಸುವ ಕೋವಿ ಪರವಾನಗಿದಾರರು ವನ್ಯಜೀವಿ ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸಬೇಕು. ಈ ಸುತ್ತಳತೆಯಲ್ಲಿ ಹೊಸದಾಗಿ ಆಯುಧ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಹಮತಿ ಬೇಕು. ಮೂರು ಧಾಮಗಳ ಸುತ್ತ ಹತ್ತು ಕಿಲೋಮೀಟರ್ ಎಂದರೆ ನಾಲ್ಕೂ ತಾಲ್ಲೂಕುಗಳ ಅನೇಕ ಗ್ರಾಮಗಳು ಸೇರುತ್ತವೆ. ಬೆಳೆ ರಕ್ಷಣೆಗಾಗಿ ಆಯುಧ ಅಧಿನಿಯಮ, 1959ರ 13ನೇ ಪ್ರಕರಣದಡಿ ಮದ್ದು ತುಂಬುವ ಕೋವಿಗೆ ಜಿಲ್ಲಾ ದಂಡಾಧಿಕಾರಿಗಳಲ್ಲಿ ಅರ್ಜಿ ಸಲ್ಲಿಸುವವರು ತಮ್ಮ ಗ್ರಾಮವು ಈ ಸುತ್ತಳತೆಯಲ್ಲಿದೆಯೇ ಎಂಬುದನ್ನು ವಲಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡರೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಕೋವಿಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದನ್ನು ಕೆಲವರು ಉದಾಹರಿಸುವುದುಂಟು. ಆ ವಿನಾಯಿತಿ ಆಯುಧ ಹೊಂದುವುದಕ್ಕೆ ಮಾತ್ರ. ಅಲ್ಲಿಯೂ ಬೇಟೆ ನಿಷಿದ್ಧವೇ.

ವಿದ್ಯುತ್ ತಂತಿ, ಉರುಳು ಮತ್ತು ಸಿಡಿಮದ್ದು

ಹಂದಿಗೆಂದು ಹೊಲದ ಸುತ್ತ ನೇರವಾಗಿ ವಿದ್ಯುತ್ ಹರಿಸುವುದು ಎಲ್ಲಕ್ಕಿಂತ ಅಪಾಯಕಾರಿ ಕ್ರಮ. ಪಂಪ್‌ಸೆಟ್ಟಿನ ತಂತಿಯಿಂದ ಅಥವಾ ಮೇಲಿನ ಮಾರ್ಗಕ್ಕೆ ಕೊಕ್ಕೆ ಹಾಕಿ ತೆಗೆದ 230 ವೋಲ್ಟ್‌ನ ಹರಿವು ತಗುಲಿದವರನ್ನು ಬಿಡುವುದಿಲ್ಲ. ರಾತ್ರಿ ಪಾಳಿಯ ವಿದ್ಯುತ್ತಿಗೆ ಎದ್ದು ನೀರು ಹಾಯಿಸಲು ಹೋಗುವ ಪಕ್ಕದ ಹೊಲದವರು, ಮುಂಜಾನೆ ಹಸು ಹೊಡೆದುಕೊಂಡು ಬರುವವರು, ಕಬ್ಬು ಕಡಿಯಲು ಬಂದ ಕೂಲಿಯಾಳುಗಳು, ಅನೇಕ ವೇಳೆ ತಂತಿ ಎಳೆದವರ ಮನೆಯವರೇ ಇದಕ್ಕೆ ಬಲಿಯಾಗುತ್ತಾರೆ. ಸ್ವಿಚ್ ಆಫ್ ಮಾಡಿದ್ದೇನೆಂಬ ನೆನಪು ಸಾಲದು. ನಿಂತ ವಿದ್ಯುತ್ ಮರಳಿ ಬಂದಾಗ ತಂತಿ ತಾನಾಗಿ ಜೀವ ಪಡೆಯುತ್ತದೆ.

ಮನುಷ್ಯರು ಸತ್ತಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರಡಿ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ (106ನೇ ಪ್ರಕರಣ) ಅಥವಾ ಸಂದರ್ಭಾನುಸಾರ ಅದಕ್ಕಿಂತ ಗುರುತರವಾದ ಆರೋಪ ಎದುರಾಗುತ್ತದೆ. ಇದರೊಂದಿಗೆ ವಿದ್ಯುತ್ ಅಧಿನಿಯಮ, 2003ರ 135ನೇ ಪ್ರಕರಣದಡಿ ವಿದ್ಯುತ್ ಕಳವಿನ ಪ್ರಕರಣವೂ, ಪ್ರಾಣಿ ಸತ್ತಿದ್ದರೆ ವನ್ಯಜೀವಿ ಪ್ರಕರಣವೂ ಸೇರುತ್ತವೆ. ನಾಲ್ಕು ಗುಂಟೆ ಕಬ್ಬಿನ ನಷ್ಟಕ್ಕೆ ಅರ್ಜಿ ಸಲ್ಲಿಸಿ ಪರಿಹಾರ ಪಡೆಯಬಹುದು. ಈ ನಷ್ಟಕ್ಕೆ ಅಂತಹ ಅರ್ಜಿ ಇಲ್ಲ. ಅಕ್ರಮ ತಂತಿ ಕಂಡುಬಂದಲ್ಲಿ ಮುಟ್ಟದೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಹಾಯವಾಣಿ 1912ಕ್ಕೆ ತಿಳಿಸುವುದು.

ಬೇಲಿಯ ಸಂದಿನಲ್ಲಿ ಬೈಕಿನ ಕೇಬಲ್‌ನಿಂದ ಮಾಡಿದ ಉರುಳು ಹಂದಿಗೆಂದು ಒಡ್ಡಿದರೂ ಅದಕ್ಕೆ ಸಿಕ್ಕಿಬೀಳುವುದು ಚಿರತೆಯಾಗಬಹುದು. ಆಗ ಪ್ರಕರಣ ಒಂದನೇ ಅನುಸೂಚಿಯದಾಗುತ್ತದೆ. ಹಿಟ್ಟಿನಲ್ಲಿ ಸುತ್ತಿಟ್ಟ ಸಿಡಿಮದ್ದಿನಿಂದ ಹಸು, ನಾಯಿಗಳ ದವಡೆ ಹಾರುತ್ತದೆ. ಆಟವಾಡುವ ಮಕ್ಕಳ ಕೈಗೂ ಅದು ಸಿಗಬಹುದು.

ದಂಡನೆಯು 51ನೇ ಪ್ರಕರಣದಲ್ಲಿದೆ. ಅಭಯಾರಣ್ಯದ ಹೊರಗೆ ಕಾಡುಹಂದಿಯ ಬೇಟೆಗೆ ಮೂರು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡೂ. ನರಿ, ತೋಳ, ನವಿಲು ಮುಂತಾದ ಒಂದನೇ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದಂತೆ ಹಾಗೂ ಅಭಯಾರಣ್ಯದೊಳಗಿನ ಯಾವುದೇ ಬೇಟೆಗೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು ಕನಿಷ್ಠ 25,000 ರೂಪಾಯಿ ಜುಲ್ಮಾನೆ. ಅದೃಷ್ಟ ತರುತ್ತದೆಂದು ಮಾರುವ "ನರಿಕೊಂಬು" ಎಂಬ ವಸ್ತುವಿನ ವ್ಯವಹಾರವೂ ಅಪಾಯಕ್ಕೆ ಆಹ್ವಾನ. ನರಿಗೆ ಕೊಂಬು ಇರುವುದಿಲ್ಲ. ಕೊಳ್ಳುವವರು ಹಣವನ್ನೂ ಕಳೆದುಕೊಂಡು ಪ್ರಕರಣಕ್ಕೂ ಸಿಲುಕುತ್ತಾರೆ.

ಬೆಳೆ ಹಾನಿಗೆ ದಯಾತ್ಮಕ ಧನ

ಸರ್ಕಾರವು ನೀಡುವ ಮೊತ್ತಕ್ಕೆ "ದಯಾತ್ಮಕ ಧನ" ಎಂಬ ಹೆಸರಿದೆ. ಅದು ಬೆಳೆಯ ಪೂರ್ಣ ಮಾರುಕಟ್ಟೆ ಬೆಲೆಯಲ್ಲ. ಸರ್ಕಾರಿ ಆದೇಶದಲ್ಲಿ ಬೆಳೆವಾರು ನಿಗದಿಪಡಿಸಿದ ದರದಂತೆ ಲೆಕ್ಕ ಹಾಕುವ ನೆರವು. ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತವೆ. ಹಾನಿಯಾದ ದಿನದಂದು ಜಾರಿಯಲ್ಲಿದ್ದ ಆದೇಶದ ಪ್ರತಿಯನ್ನು ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ನೋಡಬಹುದು. ಅರ್ಜಿಗಳನ್ನು "ಇ-ಪರಿಹಾರ" ತಂತ್ರಾಂಶದಲ್ಲಿ ನಿರ್ವಹಿಸಿ, ಮೊತ್ತವನ್ನು ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುತ್ತದೆ.

ಹಾನಿ ಕಂಡ ದಿನವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಕಚೇರಿಗೆ ತಿಳಿಸಬೇಕು. ಸ್ಥಳ ಪರಿಶೀಲನೆಯಾಗುವವರೆಗೆ ಹೊಲವನ್ನು ಉಳುವುದು, ಬಿದ್ದ ಕಬ್ಬನ್ನು ಸಾಗಿಸುವುದು ಬೇಡ. ಹಂದಿಯ ಹೆಜ್ಜೆ, ಉತ್ತ ನೆಲ, ಅಗಿದು ಬಿಟ್ಟ ಸಿಪ್ಪೆ ಇವುಗಳೇ ಸಾಕ್ಷ್ಯ. ಒಂದು ಮಳೆ ಬಂದರೆ ಅವು ಉಳಿಯುವುದಿಲ್ಲ. ಆದ್ದರಿಂದ ಫೋಟೋಗಳನ್ನು ಹತ್ತಿರದಿಂದಲೂ, ಗಡಿಕಲ್ಲು ಅಥವಾ ಗುರುತಿನ ಮರ ಕಾಣುವಂತೆ ದೂರದಿಂದಲೂ ತೆಗೆದಿಟ್ಟುಕೊಳ್ಳುವುದು.

ಸಿಬ್ಬಂದಿಯು ಪಂಚರ ಸಮಕ್ಷಮ ಮಹಜರು ಮಾಡುತ್ತಾರೆ. ಹಣ ನಿರ್ಧಾರವಾಗುವುದು ಇಲ್ಲಿಯೇ ಎಂಬುದನ್ನು ಅರ್ಜಿದಾರರು ಗಮನದಲ್ಲಿಡಬೇಕು. ಪರಿಹಾರ ಹಾನಿಯಾದ ವಿಸ್ತೀರ್ಣಕ್ಕೆ, ಇಡೀ ಸರ್ವೆ ನಂಬರಿಗೆ ಅಲ್ಲ. ಹಂದಿಯ ಹಾನಿ ಒಂದೇ ಕಡೆ ಇರದೆ ಅಲ್ಲಲ್ಲಿ ತೇಪೆಯಂತೆ ಇರುತ್ತದೆ; ಪ್ರತಿಯೊಂದು ತೇಪೆಯನ್ನೂ ಅಳೆದು ಕೂಡಬೇಕು. 33 ಅಡಿ ಉದ್ದ, 33 ಅಡಿ ಅಗಲ ಎಂದರೆ ಒಂದು ಗುಂಟೆ, 1,089 ಚದರ ಅಡಿ. ಉದಾಹರಣೆಗೆ, 66 ಅಡಿಗೆ 33 ಅಡಿಯ ಒಂದು ತೇಪೆ, 33 ಅಡಿ ಚೌಕದ ಎರಡು ತೇಪೆಗಳಿದ್ದರೆ ಒಟ್ಟು ನಾಲ್ಕು ಗುಂಟೆ, ಅಂದರೆ ಎಕರೆಯ ಹತ್ತನೇ ಒಂದು ಭಾಗ. ಅರ್ಜಿಯಲ್ಲಿ "ಒಂದು ಎಕರೆ ಸಂಪೂರ್ಣ ನಾಶ" ಎಂದು ಬರೆದು ಮಹಜರಿನಲ್ಲಿ ನಾಲ್ಕು ಗುಂಟೆ ಬಂದಾಗ ಆಕ್ಷೇಪಣೆ, ಮರುಪರಿಶೀಲನೆ ಎಂದು ಕಡತ ಸುತ್ತುತ್ತದೆ. ಅಳತೆಯ ವೇಳೆ ಹಾಜರಿದ್ದು, ಮಹಜರನ್ನು ಓದಿಸಿ ಕೇಳಿ, ಸಂಖ್ಯೆ ಸರಿಯಿದ್ದರೆ ಮಾತ್ರ ಸಹಿ ಮಾಡುವುದು ಅರ್ಜಿದಾರರ ಹಕ್ಕು.

ಅರ್ಜಿಯೊಂದಿಗೆ ಚಾಲ್ತಿ ವರ್ಷದ ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಮತ್ತು ಫೋಟೋಗಳನ್ನು ಲಗತ್ತಿಸಬೇಕು. ಬೆಳೆಯ ಅಂದಾಜಿಗೆ ಕೃಷಿ ಅಥವಾ ತೋಟಗಾರಿಕೆ ಇಲಾಖೆಯ ವರದಿಯನ್ನು, ಹಿಡುವಳಿಯ ಬಗ್ಗೆ ಗ್ರಾಮ ಆಡಳಿತ ಅಧಿಕಾರಿಯ ದೃಢೀಕರಣವನ್ನು ಕೇಳುವುದುಂಟು.

ಕಡತ ನಿಲ್ಲುವುದು ಬಹುತೇಕ ಪಹಣಿಯಲ್ಲಿ. ತಂದೆ ತೀರಿಕೊಂಡು ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲೇ ಇರುವುದು, ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಒಬ್ಬರೇ ಅರ್ಜಿ ಹಾಕುವುದು, ವಾರಕ್ಕೆ ಮಾಡಿದ ಜಮೀನಿಗೆ ಬರಹದ ಆಧಾರವಿಲ್ಲದಿರುವುದು ಇವು ಸಾಮಾನ್ಯ ತೊಡಕುಗಳು. ಮೊದಲನೆಯದಕ್ಕೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ಎರಡನೆಯದಕ್ಕೆ ಉಳಿದ ಖಾತೆದಾರರ ಒಪ್ಪಿಗೆ ಪತ್ರ ಸಾಕಾಗುತ್ತದೆ. ಮೂರನೆಯದಕ್ಕೆ ಜಮೀನಿನ ಮಾಲೀಕರ ಸಹಕಾರವಿಲ್ಲದೆ ದಾರಿಯಿಲ್ಲ. ಪಹಣಿಯಲ್ಲಿ ರಾಗಿ ಎಂದಿದ್ದು ಹೊಲದಲ್ಲಿ ಕಬ್ಬು ಇದ್ದರೆ ಬೆಳೆ ಸಮೀಕ್ಷೆಯ ಆಕ್ಷೇಪಣೆ ಅವಧಿಯಲ್ಲೇ ಸರಿಪಡಿಸಿಕೊಳ್ಳುವುದು ಸೂಕ್ತ. ಹಂದಿ ಬಂದ ಮೇಲೆ ತಿದ್ದುವುದು ಕಷ್ಟ.

ಬೆಳೆ ವಿಮೆ ಮಾಡಿಸುವವರಿಗೆ ಇನ್ನೊಂದು ಮಾಹಿತಿ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವನ್ಯಪ್ರಾಣಿಗಳಿಂದಾಗುವ ಹಾನಿಯನ್ನು 2026ರ ಮುಂಗಾರಿನಿಂದ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಪ್ರಾಣಿಗಳ ಪಟ್ಟಿಯನ್ನೂ ಪ್ರದೇಶಗಳನ್ನೂ ರಾಜ್ಯ ಸರ್ಕಾರಗಳು ಅಧಿಸೂಚಿಸಬೇಕು. ರೈತರು 72 ಗಂಟೆಗಳೊಳಗೆ ಸ್ಥಳ ಗುರುತುಳ್ಳ ಫೋಟೋಗಳೊಂದಿಗೆ ವಿಮಾ ಆ್ಯಪ್‌ನಲ್ಲಿ ವರದಿ ಮಾಡಬೇಕು. ವಿಮೆ ನೋಂದಾಯಿಸುವಾಗ ಈ ರಕ್ಷಣೆ ತಮ್ಮ ಬೆಳೆಗೆ ಅನ್ವಯಿಸುತ್ತದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವುದು.

ಊರಹಂದಿಯ ಹಾನಿ

ಸಾಕಿದವರು ಮೇಯಲು ಬಿಟ್ಟ ಹಂದಿಗಳಿಂದಾದ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ದೊರೆಯುವುದಿಲ್ಲ. ಅಂತಹ ದೂರು ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ ಸೇರಿದ್ದು. ಕಾಡುಹಂದಿಯ ಕತ್ತು, ಬೆನ್ನಿನ ಮೇಲೆ ನಿಮಿರುವ ಒರಟು ಕೂದಲಿನ ಸಾಲು ಇರುತ್ತದೆ, ಬಾಲ ಸುರುಳಿಯಾಗಿರುವುದಿಲ್ಲ, ಎಳೆಯ ಮರಿಗಳ ಮೈಮೇಲೆ ಉದ್ದುದ್ದ ಪಟ್ಟೆಗಳಿರುತ್ತವೆ.

ಕುರಿ, ಮೇಕೆ, ಕರುಗಳ ಸಾವು

ಮೇಲುಕೋಟೆ ಬೆಟ್ಟಸಾಲಿನ ಸುತ್ತ ತೋಳದಿಂದಲೂ, ಕಬ್ಬಿನ ಗದ್ದೆಗಳ ನಡುವೆ ಚಿರತೆಯಿಂದಲೂ ಜಾನುವಾರು ಸತ್ತಲ್ಲಿ ಕಳೇಬರವನ್ನು ಸ್ಥಳದಿಂದ ಕದಲಿಸದೆ ವಲಯ ಕಚೇರಿಗೆ ತಿಳಿಸಬೇಕು. ಪಶುವೈದ್ಯಾಧಿಕಾರಿಯ ಮರಣೋತ್ತರ ವರದಿಯಿಲ್ಲದೆ ಪರಿಹಾರ ಮಂಜೂರಾಗುವುದಿಲ್ಲ, ಏಕೆಂದರೆ ಬೀದಿನಾಯಿಗಳು ಕೊಂದ ಕುರಿಗಳೂ ತೋಳದ ಲೆಕ್ಕಕ್ಕೆ ಸೇರುವುದುಂಟು. ಸಿಟ್ಟಿನಿಂದ ಕಳೇಬರಕ್ಕೆ ವಿಷ ಹಾಕಬಾರದು. ನರಿಯ ಮುಖ್ಯ ಆಹಾರ ಇಲಿ, ಹೆಗ್ಗಣ, ಏಡಿ, ಸತ್ತ ಪ್ರಾಣಿ; ಭತ್ತ, ಕಬ್ಬಿನ ರೈತರಿಗೆ ಅದರಿಂದ ಆಗುವ ಹಾನಿಗಿಂತ ಉಪಕಾರವೇ ಹೆಚ್ಚು.

ಹಾನಿ ತಡೆಯುವ ಕ್ರಮಗಳು

ಸೌರಬೇಲಿ ಸಕ್ರಮ ಉಪಾಯ. ಅದರ ಎನರ್ಜೈಸರ್ ಯಂತ್ರವು ಸೆಕೆಂಡಿಗೆ ಸುಮಾರು ಒಂದು ಬಾರಿ ಕ್ಷಣಮಾತ್ರದ ಹೊಡೆತ ನೀಡುತ್ತದೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಭಾರತೀಯ ಮಾನಕ ಐಎಸ್ 302-2-76ಕ್ಕೆ ಅನುಗುಣವಾದ ಯಂತ್ರವನ್ನೇ ಕೊಳ್ಳಬೇಕು. ಹಂದಿಗೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಎತ್ತರವಿರಬಾರದು, ಕಳೆ ತಾಗದಂತೆ ಸವರುತ್ತಿರಬೇಕು. ಕಳೆ ತಾಗಿ ಶಕ್ತಿ ಸೋರಿದ ಬೇಲಿಯನ್ನು ಹಂದಿ ಎರಡೇ ದಿನದಲ್ಲಿ ಅರಿತುಕೊಳ್ಳುತ್ತದೆ.

ಹಳೆಯ ಸೀರೆ ಕಟ್ಟುವುದು, ಕ್ಷೌರದ ಕೂದಲು ಹರಡುವುದು, ಅಟ್ಟಣೆ ಹಾಕಿ ತಮಟೆ ಬಡಿಯುವುದು ಇವೆಲ್ಲ ಕೆಲವು ದಿನಗಳ ಮಟ್ಟಿಗೆ ಕೆಲಸ ಮಾಡುತ್ತವೆ. ಬೆಳೆ ಬಲಿಯುವ ಕಡೆಯ ವಾರಗಳಿಗೆ ಅವನ್ನು ಉಳಿಸಿಕೊಂಡು, ಬದಲಿಸುತ್ತ ಬಳಸಿದರೆ ಫಲವಿದೆ. ಫೋರೇಟ್ ಗುಳಿಗೆಯ ಚೀಲಗಳನ್ನು ಬದುವಿನಲ್ಲಿ ನೇತುಹಾಕುವ ರೂಢಿಯನ್ನು ಕೈಬಿಡಬೇಕು. ಈ ಕೀಟನಾಶಕದ ಮಾರಾಟ, ಬಳಕೆ 31-12-2020 ರಿಂದ ನಿಷೇಧವಾಗಿದೆ.

ಗಾಯವಾದಲ್ಲಿ, ಸತ್ತ ಹಂದಿ ಕಂಡಲ್ಲಿ

ಹಂದಿ, ನರಿ, ತೋಳ ಕಚ್ಚಿದಲ್ಲಿ ಗಾಯವನ್ನು ಸೋಪು, ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಸಿಕೆಯ ಬಗ್ಗೆ ವೈದ್ಯರೇ ತೀರ್ಮಾನಿಸುತ್ತಾರೆ. ಆಸ್ಪತ್ರೆಯ ದಾಖಲೆಗಳನ್ನು ಜೋಪಾನವಾಗಿಟ್ಟುಕೊಳ್ಳಬೇಕು. ಗಾಯ ಹಾಗೂ ಪ್ರಾಣಹಾನಿಯ ಪರಿಹಾರಕ್ಕೆ ಅವು ಅಗತ್ಯ.

ಸತ್ತ ಕಾಡುಹಂದಿ ದೊರೆತವರು 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ವರದಿ ಮಾಡಿ ಒಪ್ಪಿಸಬೇಕು. 2020ರಲ್ಲಿ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ತಗುಲದಿದ್ದರೂ ಸಾಕುಹಂದಿಗಳ ಗುಂಪನ್ನೇ ಅಳಿಸಬಲ್ಲದು. ಹಂದಿ ಸಾಕಣೆದಾರರು ಅಂತಹ ಕಳೇಬರದ ಬಳಿ ಹೋಗಬಾರದು.

ಅರ್ಜಿ ವಿಳಂಬವಾದಲ್ಲಿ

ಅರ್ಜಿ ಸಲ್ಲಿಸಿದಾಗ ದಿನಾಂಕ, ಸಂಖ್ಯೆಯುಳ್ಳ ಸ್ವೀಕೃತಿ ಪಡೆಯಬೇಕು. ಸ್ವೀಕೃತಿ ಸಂಖ್ಯೆಯಿಲ್ಲದೆ ಕಡತದ ಸ್ಥಿತಿ ತಿಳಿಯಲಾಗದು. ಮೊತ್ತದ ಬಗ್ಗೆ ತಕರಾರಿದ್ದರೆ ಮಹಜರಿನ ಪ್ರತಿಯೊಂದಿಗೆ ಉಪ ಅರಣ್ಯ ಸಂರಕ್ಷಣಾಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮಹಜರು, ದರಪಟ್ಟಿ, ಟಿಪ್ಪಣಿ ಹಾಳೆಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡಬೇಕು.